ಕರ್ನೆಲ್ಲಿನ ಹೊರಗೊಂದು ಜಾಲ-ಡ್ರೈವರು

ಕೆರೆಯ ಹಿಂದಿನ ಗದ್ದೆಬಯಲಿಗೆ ನೀರು ಹಂಚುವ ನೀರುಗಂಟಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆತನು ನೀರನ್ನು ಕೊಡದಲ್ಲಿ ತುಂಬಿ ಗದ್ದೆಗದ್ದೆಗೂ ಹೊತ್ತು ಹಾಕುವವನಲ್ಲ. ತೂಬನ್ನೆತ್ತಿ, ಯಾವ ಕಾಲುವೆಗೆ ಎಷ್ಟು ಹೊತ್ತು ನೀರೆಂಬುದನ್ನು ಗೊತ್ತುಮಾಡಿ, ಒಬ್ಬನ ಪಾಲು ಇನ್ನೊಬ್ಬನ ಗದ್ದೆಗೆ ನುಗ್ಗದಂತೆ ನೋಡಿಕೊಳ್ಳುತ್ತಾನೆ. ನೀರು ತಾನಾಗಿ ಹರಿಯುತ್ತದೆ.

ಕಂಪ್ಯೂಟರಿನಲ್ಲಿಯೂ ಇಂಥ ಒಬ್ಬ ಮೇಲ್ವಿಚಾರಕನುಂಟು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಆ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಆದರೆ ಜಾಲದಿಂದ ಬರುವ ಮಾಹಿತಿಯ ವಿಷಯದಲ್ಲಿ ಕರ್ನೆಲ್ ನೀರುಗಂಟಿಯ ಕೆಲಸದ ಜೊತೆಗೆ ನೀರು ಹೊರುವ ಕೆಲಸವನ್ನೂ ತಾನೇ ಮಾಡಿಕೊಂಡು ಬಂದಿದೆ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಇಂದಿಗೂ ಹಾಗೆಯೇ ನಡೆಯುತ್ತಿದೆ. ಜಾಲದ ವೇಗ ವಿಪರೀತವಾಗಿ ಹೆಚ್ಚಿದ ಕಡೆಗಳಲ್ಲಿ ಮಾತ್ರ ಹೊರುವ ಕೆಲಸವನ್ನು ಕರ್ನೆಲ್ಲಿನಿಂದ ಬಿಡಿಸಿ, ಅದನ್ನು ಬಳಕೆದಾರನ ಪ್ರೋಗ್ರಾಮಿಗೇ ಒಪ್ಪಿಸುವ ಪದ್ಧತಿ ಬಂದಿದೆ. ಹಾಗೆ ಒಪ್ಪಿಸುವಾಗ ಕರ್ನೆಲ್ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಕೂಡದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಉದಾಹರಣೆಗಾಗಿ ನಾವು ಲಿನಕ್ಸ್ ಎಂಬ ಕರ್ನೆಲ್ಲನ್ನು ಆರಿಸಿಕೊಂಡಿದ್ದೇವೆ. ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ೧೯೯೧ರಲ್ಲಿ ಆರಂಭಿಸಿದ ಈ ಕರ್ನೆಲ್ಲಿನ ಮೂಲಪಾಠ ಎಲ್ಲರಿಗೂ ತೆರೆದಿರುವುದರಿಂದ, ಅದರ ಒಳಗಿನ ರಚನೆಯನ್ನು ಯಾರು ಬೇಕಾದರೂ ಓದಿ ತಿಳಿಯಬಹುದು.

ಎರಡು ವಲಯಗಳು

ಒಂದೇ ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಅನೇಕ ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಇವುಗಳಲ್ಲಿ ಒಂದು ಕೆಟ್ಟರೆ ಉಳಿದುವು ಕೆಡಬಾರದು. ಒಂದರ ಗುಟ್ಟು ಮತ್ತೊಂದಕ್ಕೆ ತಿಳಿಯಬಾರದು. ಈ ಕಟ್ಟುಪಾಡನ್ನು ಜಾರಿಗೆ ತರುವುದಕ್ಕಾಗಿ ಪ್ರೊಸೆಸರಿನಲ್ಲಿಯೇ ಅಧಿಕಾರದ ಮಟ್ಟಗಳನ್ನು ಏರ್ಪಡಿಸಿದ್ದಾರೆ. ಇಂಟೆಲ್ ವಂಶದ ಪ್ರೊಸೆಸರುಗಳಲ್ಲಿ ಸೊನ್ನೆಯಿಂದ ಮೂರರ ವರೆಗೆ ಇಂಥ ನಾಲ್ಕು ಮಟ್ಟಗಳಿವೆ. ಲಿನಕ್ಸ್ ಇವುಗಳಲ್ಲಿ ಎರಡನ್ನು ಮಾತ್ರ ಬಳಸುತ್ತದೆ. ಸರ್ವಾಧಿಕಾರವುಳ್ಳ ಸೊನ್ನೆಯ ಮಟ್ಟದಲ್ಲಿ ಕರ್ನೆಲ್ ನಡೆಯುತ್ತದೆ. ಇದು ಕರ್ನೆಲ್ ವಲಯ. ಮೂರನೆಯ ಮಟ್ಟದಲ್ಲಿ ಉಳಿದ ಪ್ರೋಗ್ರಾಮುಗಳೆಲ್ಲ ನಡೆಯುತ್ತವೆ. ಇದು ಬಳಕೆದಾರರ ವಲಯ.

ಬಳಕೆದಾರರ ವಲಯದ ಪ್ರೋಗ್ರಾಮು ಸ್ಮೃತಿಯಲ್ಲಿ ತನಗೆಂದು ಕೊಟ್ಟ ಭಾಗವನ್ನಲ್ಲದೆ ಬೇರೇನನ್ನೂ ಕಾಣಲಾರದು. ಸ್ಮೃತಿಯನ್ನು ಸಾಮಾನ್ಯವಾಗಿ ೪,೦೯೬ ಬೈಟುಗಳ ಪುಟಗಳಾಗಿ ವಿಂಗಡಿಸಿರುತ್ತಾರೆ. ಪ್ರೋಗ್ರಾಮು ಹೇಳುವ ವಿಳಾಸ ಸ್ಮೃತಿಯ ನಿಜವಾದ ವಿಳಾಸವಲ್ಲ. ಕರ್ನೆಲ್ ಬರೆದಿಟ್ಟಿರುವ ಒಂದು ಪುಟಪಟ್ಟಿಯನ್ನು ನೋಡಿ ಪ್ರೊಸೆಸರು ಅದನ್ನು ನಿಜವಾದ ವಿಳಾಸಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಪುಟವನ್ನು ಪ್ರೋಗ್ರಾಮು ಮುಟ್ಟಹೋದರೆ ಪ್ರೊಸೆಸರು ಅಲ್ಲಿಯೇ ತಡೆದು ಕರ್ನೆಲ್ಲಿಗೆ ದೂರು ಕೊಡುತ್ತದೆ. ಈ ಪುಟಪಟ್ಟಿಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಿಷಯದ ಕೀಲಿಕೈ ಅದರಲ್ಲಿಯೇ ಇದೆ.

ಕಂಪ್ಯೂಟರಿಗೆ ಜೋಡಿಸಿದ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಆದ ಭಾಷೆಯುಂಟು. ಆ ಭಾಷೆಯನ್ನು ಬಲ್ಲ ದುಭಾಷಿ ಪ್ರೋಗ್ರಾಮಿಗೆ ಡ್ರೈವರು ಎನ್ನುತ್ತಾರೆ. ರೂಢಿಯಂತೆ ಡ್ರೈವರುಗಳು ಕರ್ನೆಲ್ಲಿನ ಭಾಗವಾಗಿ ಸೊನ್ನೆಯ ಮಟ್ಟದಲ್ಲಿ ನಡೆಯುತ್ತವೆ. ನಾವು ಇಲ್ಲಿ ನೋಡಬೇಕಾದದ್ದು ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನು.

ಪ್ಯಾಕೆಟ್ಟಿನ ಹಳೆಯ ಹಾದಿ

ಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಂತೆಗಳಾಗಿ ಸಂಚರಿಸುತ್ತದೆ. ಒಂದು ಪ್ಯಾಕೆಟ್ ತಂತಿಯ ಮೂಲಕ ಬಂದು ಕಾರ್ಡನ್ನು ತಲುಪಿತೆನ್ನೋಣ. ಕಾರ್ಡು ಪ್ರೊಸೆಸರಿನ ನೆರವಿಲ್ಲದೆ ತಾನೇ ಅದನ್ನು ಸ್ಮೃತಿಯಲ್ಲಿ ಬರೆಯುತ್ತದೆ. ಈ ಕ್ರಿಯೆಗೆ ನೇರ ಸ್ಮೃತಿಪ್ರವೇಶ, ಎಂದರೆ ಡಿ.ಎಂ.ಎ. ಎಂದು ಹೆಸರು. ಬಳಿಕ ಕಾರ್ಡು ಇಂಟರಪ್ಟ್ ಎಂಬ ಸಂಜ್ಞೆಯಿಂದ ಪ್ರೊಸೆಸರಿನ ಬಾಗಿಲು ತಟ್ಟುತ್ತದೆ. ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಅದರ ಸ್ಥಿತಿಯನ್ನು ಗುರುತು ಹಾಕಿಕೊಂಡು, ಕರ್ನೆಲ್ಲಿನೊಳಗಣ ಡ್ರೈವರನ್ನು ನಡೆಸುತ್ತದೆ. ಕರ್ನೆಲ್ ಆ ಪ್ಯಾಕೆಟ್ಟಿಗೆ ಒಂದು ವಿವರಪತ್ರವನ್ನು ಸಿದ್ಧಪಡಿಸುತ್ತದೆ, ಅದರ ತಲೆಬರಹಗಳನ್ನು ಒಂದೊಂದಾಗಿ ಓದುತ್ತದೆ, ರಕ್ಷಣಾ ನಿಯಮಗಳಿಗೆ ಹೊಂದುವುದೇ ಎಂದು ಪರೀಕ್ಷಿಸುತ್ತದೆ, ಯಾವ ಪ್ರೋಗ್ರಾಮಿಗೆ ಸೇರಿದ್ದೆಂಬುದನ್ನು ಕಂಡುಹಿಡಿದು ಅದರ ಸಾಲಿನಲ್ಲಿ ಇರಿಸುತ್ತದೆ, ನಿದ್ರಿಸುತ್ತಿರುವ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಎದ್ದ ಪ್ರೋಗ್ರಾಮು "ನನ್ನದನ್ನು ಕೊಡು" ಎಂದು ಕರ್ನೆಲ್ಲನ್ನು ಕೇಳುತ್ತದೆ. ಆಗ ಕರ್ನೆಲ್ ತನ್ನ ಸ್ಮೃತಿಯಲ್ಲಿದ್ದ ಪ್ಯಾಕೆಟ್ಟನ್ನು ಪ್ರೋಗ್ರಾಮಿನ ಸ್ಮೃತಿಗೆ ಪ್ರತಿಮಾಡಿ ಕೊಡುತ್ತದೆ.

ಈ ಹಾದಿಯಲ್ಲಿ ಒಂದು ಹೆಜ್ಜೆಯೂ ನಿರರ್ಥಕವಾದುದಲ್ಲ. ಒಂದು ಕಾರ್ಡನ್ನು ನೂರು ಪ್ರೋಗ್ರಾಮುಗಳು ಜಗಳವಿಲ್ಲದೆ ಹಂಚಿಕೊಳ್ಳುವುದು ಇದರಿಂದಲೇ ಸಾಧ್ಯವಾಗಿದೆ. ಆದರೆ ಪ್ರತಿಯೊಂದು ಹೆಜ್ಜೆಗೂ ಕಾಲವೆಂಬ ಬೆಲೆಯನ್ನು ತೆರಬೇಕು. ಆ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಅರುವತ್ತೇಳು ನ್ಯಾನೊಸೆಕೆಂಡುಗಳ ಲೆಕ್ಕ

ಈಥರ್ನೆಟ್ ಜಾಲದ ಅತಿ ಚಿಕ್ಕ ಚೌಕಟ್ಟಿನ ಗಾತ್ರ ೬೪ ಬೈಟು. ತಂತಿಯ ಮೇಲೆ ಅದರ ಮುಂದೆ ೮ ಬೈಟುಗಳ ಮುನ್ಸೂಚನೆಯೂ, ಎರಡು ಚೌಕಟ್ಟುಗಳ ನಡುವೆ ೧೨ ಬೈಟುಗಳಷ್ಟು ಕಾಲದ ಬಿಡುವೂ ಇರಬೇಕೆಂಬುದು ನಿಯಮ. ಒಟ್ಟು ೮೪ ಬೈಟು, ಅಂದರೆ ೬೭೨ ಬಿಟ್. ಸೆಕೆಂಡಿಗೆ ೧೦ ಗಿಗಾಬಿಟ್, ಎಂದರೆ ಸಾವಿರ ಕೋಟಿ ಬಿಟ್‌ಗಳನ್ನು ಸಾಗಿಸುವ ತಂತಿಯಲ್ಲಿ ಇಂಥ ಚೌಕಟ್ಟುಗಳು ಒಂದರ ಹಿಂದೊಂದು ಬಂದರೆ, ಸೆಕೆಂಡಿಗೆ ಸುಮಾರು ೧ ಕೋಟಿ ೪೮ ಲಕ್ಷ ೮೦ ಸಾವಿರ ಪ್ಯಾಕೆಟ್‌ಗಳಾಗುತ್ತವೆ. ಒಂದೊಂದಕ್ಕೆ ದೊರೆಯುವ ಕಾಲ ೬೭.೨ ನ್ಯಾನೊಸೆಕೆಂಡು. ಒಂದು ನ್ಯಾನೊಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗವಷ್ಟೆ.

ಈ ಅಲ್ಪಕಾಲವನ್ನು ಮನಸ್ಸಿಗೆ ತಂದುಕೊಳ್ಳಬೇಕಾದರೆ ಬೆಳಕನ್ನು ಅಳತೆಗೋಲಾಗಿ ಮಾಡಿಕೊಳ್ಳಬಹುದು. ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಧಾವಿಸುವ ಬೆಳಕು ೬೭.೨ ನ್ಯಾನೊಸೆಕೆಂಡುಗಳಲ್ಲಿ ಹೋಗುವ ದೂರ ಕೇವಲ ೨೦ ಮೀಟರ್. ದೊಡ್ಡದೊಂದು ಉಪನ್ಯಾಸಭವನದ ಒಂದು ಗೋಡೆಯಿಂದ ಎದುರಿನ ಗೋಡೆಗೆ ಬೆಳಕು ಮುಟ್ಟುವುದರೊಳಗೆ ಒಂದು ಪ್ಯಾಕೆಟ್ಟಿನ ವಿಲೇವಾರಿ ಮುಗಿದಿರಬೇಕು. ಏಕೆಂದರೆ ಆಗಲೇ ಇನ್ನೊಂದು ಬಂದಿರುತ್ತದೆ. ಸೆಕೆಂಡಿಗೆ ೩೦೦ ಕೋಟಿ ಬಾರಿ ಮಿಡಿಯುವ ಪ್ರೊಸೆಸರಿಗೆ ಈ ಅವಧಿಯಲ್ಲಿ ದೊರೆಯುವುದು ಸುಮಾರು ೨೦೦ ಮಿಡಿತ. ಪ್ರೊಸೆಸರಿನ ಬಳಿಯಲ್ಲಿರುವ ಚಿಕ್ಕ ಸಂಚಯದಲ್ಲಿ ಸಿಕ್ಕದ ಮಾಹಿತಿಯನ್ನು ಮುಖ್ಯ ಸ್ಮೃತಿಯಿಂದ ಒಮ್ಮೆ ತರಿಸಿಕೊಳ್ಳುವುದಕ್ಕೇ ಹೆಚ್ಚುಕಡಮೆ ಇಷ್ಟು ಕಾಲ ಹಿಡಿಯುತ್ತದೆ.

ಹಳೆಯ ಹಾದಿಗೆ ಎಷ್ಟು ಕಾಲ ಬೇಕು? ಇಟಲಿಯ ಪೀಸಾ ವಿಶ್ವವಿದ್ಯಾಲಯದ ಲುಯಿಜಿ ರಿಟ್ಸೊ ಅವರು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಒಂದು ಸಣ್ಣ ಪ್ಯಾಕೆಟ್ಟನ್ನು ಪ್ರೋಗ್ರಾಮಿನಿಂದ ಕಾರ್ಡಿನ ವರೆಗೆ ಕಳುಹಿಸುವ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಅಳೆದು ೨೦೧೨ರಲ್ಲಿ ಪ್ರಕಟಿಸಿದರು. ಒಟ್ಟು ಹಿಡಿದ ಕಾಲ ಸುಮಾರು ೯೫೦ ನ್ಯಾನೊಸೆಕೆಂಡು. ದೊರೆಯುವ ಕಾಲಕ್ಕಿಂತ ಇದು ಹದಿನಾಲ್ಕು ಪಾಲು ಹೆಚ್ಚು.

ಪ್ಯಾಕೆಟ್‌ಗಳು ಅತಿಯಾದಾಗ ವೇಗ ಒಂದು ಮಿತಿಯಲ್ಲಿ ನಿಂತುಬಿಡುವುದಿಲ್ಲ, ಕುಸಿದೂಬಿಡಬಹುದು. ೧೯೯೬ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ಎಂಬ ಇಬ್ಬರು ವಿಜ್ಞಾನಿಗಳು ಈ ವಿಷಯವಾಗಿ ಒಂದು ಪ್ರಸಿದ್ಧ ಪ್ರಬಂಧವನ್ನು ಮಂಡಿಸಿದರು. ಇವರಲ್ಲಿ ರಾಮಕೃಷ್ಣನ್ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಪದವಿ ಪಡೆದವರು. ಪ್ರತಿ ಪ್ಯಾಕೆಟ್ಟೂ ಬಾಗಿಲು ತಟ್ಟಿದರೆ, ಬಾಗಿಲು ತೆರೆಯುವುದರಲ್ಲಿಯೇ ಪ್ರೊಸೆಸರಿನ ಕಾಲವೆಲ್ಲ ಕಳೆದುಹೋಗಿ, ಒಳಗೆ ಬಂದ ಪ್ಯಾಕೆಟ್ಟುಗಳಲ್ಲಿ ಒಂದೂ ಪ್ರೋಗ್ರಾಮನ್ನು ಮುಟ್ಟದ ಸ್ಥಿತಿ ಬರುವುದೆಂದು ಅವರು ತೋರಿಸಿಕೊಟ್ಟರು. ಯಂತ್ರ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಫಲ ಮಾತ್ರ ಸೊನ್ನೆ. ಇದಕ್ಕೆ ಅವರು ಸೂಚಿಸಿದ ಪರಿಹಾರದ ಮುಖ್ಯ ಅಂಶವೆಂದರೆ, ದಟ್ಟಣೆಯ ಕಾಲದಲ್ಲಿ ಇಂಟರಪ್ಟನ್ನು ನಿಲ್ಲಿಸಿ, ಪ್ರೊಸೆಸರೇ ಆಗಾಗ ಹೋಗಿ ಕಾರ್ಡನ್ನು ವಿಚಾರಿಸಿಕೊಳ್ಳುವುದು. ಲಿನಕ್ಸ್ ಕರ್ನೆಲ್ಲಿನ ಜಾಲವಿಭಾಗವೂ ಮುಂದೆ ಇದೇ ಜಾಡನ್ನು ಹಿಡಿಯಿತು.

ಇನ್ನೊಂದು ಕಾರಣ

ಡ್ರೈವರನ್ನು ಕರ್ನೆಲ್ಲಿನಿಂದ ಹೊರಗಿಡಬೇಕೆನ್ನುವುದಕ್ಕೆ ವೇಗವೊಂದೇ ಕಾರಣವಲ್ಲ. ಸೊನ್ನೆಯ ಮಟ್ಟದಲ್ಲಿ ನಡೆಯುವ ಪ್ರೋಗ್ರಾಮಿನಲ್ಲಿ ಒಂದು ತಪ್ಪಿದ್ದರೆ ಇಡೀ ಕಂಪ್ಯೂಟರೇ ಸ್ತಬ್ಧವಾಗಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಕರ್ನೆಲ್ಲಿನ ಇತರ ಭಾಗಗಳಿಗಿಂತ ಡ್ರೈವರುಗಳಲ್ಲಿ ತಪ್ಪುಗಳ ಪ್ರಮಾಣ ಮೂರರಿಂದ ಏಳು ಪಾಲಿನ ವರೆಗೆ ಹೆಚ್ಚಾಗಿತ್ತು. ಆಮ್ಸ್‌ಟರ್‌ಡಾಮಿನ ಆಂಡ್ರೂ ಟ್ಯಾನೆನ್‌ಬಾಮ್ ಮತ್ತು ಅವರ ಸಂಗಡಿಗರು ೨೦೦೫ರಲ್ಲಿ ಹೊರತಂದ ಮಿನಿಕ್ಸ್ ೩ ಎಂಬ ವ್ಯವಸ್ಥೆಯಲ್ಲಿ ಡ್ರೈವರುಗಳೆಲ್ಲ ಸಾಧಾರಣ ಪ್ರೋಗ್ರಾಮುಗಳೇ. ಅವುಗಳಲ್ಲೊಂದು ಕುಸಿದು ಬಿದ್ದರೆ, ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದಕ್ಕೆಂದೇ ಇನ್ನೊಂದು ಪ್ರೋಗ್ರಾಮು ಕಾದಿರುತ್ತದೆ.

ಇವೆಲ್ಲಕ್ಕೂ ತಾತ್ತ್ವಿಕ ತಳಹದಿಯನ್ನು ಒದಗಿಸಿದ ಎರಡು ಪ್ರಯತ್ನಗಳು ೧೯೯೫ರಲ್ಲಿ ನಡೆದುವು. ಕಾರ್ನೆಲ್ ವಿಶ್ವವಿದ್ಯಾಲಯದವರು ಯು-ನೆಟ್ ಎಂಬ ರಚನೆಯಲ್ಲಿ, ಕಾರ್ಡಿಗೂ ಪ್ರೋಗ್ರಾಮಿಗೂ ನಡುವೆ ನೇರವಾದ ಹಾದಿಯನ್ನು ಹಾಕಿಕೊಟ್ಟು ಕರ್ನೆಲ್ಲನ್ನು ಆ ಹಾದಿಯಿಂದ ಸರಿಸಬಹುದೆಂದು ತೋರಿಸಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು ಎಕ್ಸೊಕರ್ನೆಲ್ ಎಂಬ ಕಲ್ಪನೆಯನ್ನು ಮುಂದಿಟ್ಟರು. ರಕ್ಷಣೆ ಬೇರೆ, ನಿರ್ವಹಣೆ ಬೇರೆ; ಕರ್ನೆಲ್ ರಕ್ಷಣೆಯನ್ನು ಮಾತ್ರ ಇಟ್ಟುಕೊಂಡು ನಿರ್ವಹಣೆಯನ್ನು ಪ್ರೋಗ್ರಾಮುಗಳಿಗೆ ಬಿಡಬೇಕು ಎಂಬುದು ಅದರ ಸಾರ. ನೀರುಗಂಟಿಯ ಧರ್ಮವೂ ಇದೇ ಅಲ್ಲವೇ?

ಡ್ರೈವರಿಗೆ ಬೇಕಾದ ಮೂರು ವಸ್ತುಗಳು

ತತ್ತ್ವವನ್ನು ಒಪ್ಪಿದರೂ ಕಾರ್ಯತಃ ಮಾಡುವುದು ಹೇಗೆ? ಯಾವ ಡ್ರೈವರಿಗಾದರೂ ಮೂರು ವಸ್ತುಗಳು ಬೇಕು. ಮೊದಲನೆಯದು, ಕಾರ್ಡಿನ ರಿಜಿಸ್ಟರುಗಳು. ಇವು ಕಾರ್ಡಿನ ಗುಂಡಿ-ಮುಳ್ಳುಗಳಿದ್ದಂತೆ. ಇವುಗಳಲ್ಲಿ ಬರೆದು ಆಜ್ಞೆ ಕೊಡಬೇಕು, ಇವುಗಳನ್ನು ಓದಿ ಸ್ಥಿತಿಯನ್ನು ತಿಳಿಯಬೇಕು. ಎರಡನೆಯದು, ಕಾರ್ಡು ಕಳುಹಿಸುವ ಇಂಟರಪ್ಟನ್ನು ಕೇಳುವ ಕಿವಿ. ಮೂರನೆಯದು, ಪ್ಯಾಕೆಟ್ಟುಗಳನ್ನು ಇಡುವುದಕ್ಕೆ ಕಾರ್ಡೂ ಡ್ರೈವರೂ ಕೂಡಿ ಬಳಸುವ ಸ್ಮೃತಿ.

೨೦೦೭ರ ಅಕ್ಟೋಬರಿನಲ್ಲಿ ಪ್ರಕಟವಾದ ಲಿನಕ್ಸಿನ ೨.೬.೨೩ನೆಯ ಆವೃತ್ತಿಯಲ್ಲಿ ಯು.ಐ.ಓ. ಎಂಬ ಏರ್ಪಾಡು ಸೇರಿತು. ಮೊದಲ ಎರಡು ವಸ್ತುಗಳನ್ನು ಅದು ಸರಳವಾಗಿ ಒದಗಿಸುತ್ತದೆ. ಕಾರ್ಡನ್ನು ಕರ್ನೆಲ್ ಒಂದು ಕಡತದಂತೆ ಕಾಣಿಸುತ್ತದೆ. ಪ್ರೋಗ್ರಾಮು ಆ ಕಡತವನ್ನು ತೆರೆದು ಕೇಳಿಕೊಂಡರೆ, ಕರ್ನೆಲ್ ಕಾರ್ಡಿನ ರಿಜಿಸ್ಟರುಗಳಿರುವ ಪುಟಗಳನ್ನು ಪ್ರೋಗ್ರಾಮಿನ ಪುಟಪಟ್ಟಿಯಲ್ಲಿ ಸೇರಿಸುತ್ತದೆ. ಅಲ್ಲಿಂದ ಮುಂದೆ ರಿಜಿಸ್ಟರನ್ನು ಓದುವುದೆಂದರೆ ತನ್ನದೇ ಸ್ಮೃತಿಯನ್ನು ಓದಿದಷ್ಟು ಸುಲಭ. ಕರ್ನೆಲ್ಲನ್ನು ಪ್ರತಿಸಲವೂ ಕೇಳಬೇಕಾದದ್ದಿಲ್ಲ. ಇನ್ನು ಇಂಟರಪ್ಟಿನ ವಿಷಯ. ಪ್ರೋಗ್ರಾಮು ಆ ಕಡತದಿಂದ ನಾಲ್ಕು ಬೈಟುಗಳನ್ನು ಓದಲು ತೊಡಗುತ್ತದೆ. ಇಂಟರಪ್ಟ್ ಬರುವ ವರೆಗೆ ಆ ಓದುವಿಕೆ ಮುಗಿಯುವುದಿಲ್ಲ, ಪ್ರೋಗ್ರಾಮು ನಿದ್ರಿಸುತ್ತಿರುತ್ತದೆ. ಬಂದೊಡನೆ, ಅದುವರೆಗೆ ಒಟ್ಟು ಎಷ್ಟು ಇಂಟರಪ್ಟುಗಳು ಬಂದಿವೆ ಎಂಬ ಸಂಖ್ಯೆ ಕೈಗೆ ಸಿಕ್ಕುತ್ತದೆ. ಹಿಂದಿನ ಸಂಖ್ಯೆಗೂ ಇದಕ್ಕೂ ಇರುವ ಅಂತರ ಒಂದಕ್ಕಿಂತ ಹೆಚ್ಚಾಗಿದ್ದರೆ ನಡುವೆ ಕೆಲವು ತಪ್ಪಿಹೋದುವೆಂದು ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಹಳೆಯ ಬಗೆಯ ಇಂಟರಪ್ಟಿನಲ್ಲಿ, ಕೇಳಿಸಿತೆಂದು ಯಾರಾದರೂ ಹೇಳುವ ವರೆಗೆ ಕಾರ್ಡು ಗಂಟೆಯನ್ನು ಒತ್ತಿಯೇ ಹಿಡಿದಿರುತ್ತದೆ. ಉತ್ತರ ಹೇಳಬೇಕಾದ ಪ್ರೋಗ್ರಾಮಾದರೋ ಇನ್ನೂ ಎದ್ದಿರುವುದಿಲ್ಲ. ಗಂಟೆ ನಿಲ್ಲದೆ ಪ್ರೊಸೆಸರಿಗೆ ಬೇರೆ ಕೆಲಸ ಹೋಗದು. ಬೇರೆ ಕೆಲಸ ಹೋಗದೆ ಪ್ರೋಗ್ರಾಮು ಏಳದು. ಈ ಬಿಕ್ಕಟ್ಟನ್ನು ಬಿಡಿಸುವುದಕ್ಕಾಗಿ ಗಂಟೆಯನ್ನು ಅಡಗಿಸುವಷ್ಟು ಮಟ್ಟಿನ ಚಿಕ್ಕ ಭಾಗವೊಂದು ಕರ್ನೆಲ್ಲಿನೊಳಗೆ ಉಳಿಯಲೇಬೇಕು. ಡ್ರೈವರನ್ನು ಹೊರಗೆ ಕಳುಹಿಸಿದರೂ ಕರ್ನೆಲ್ ಪೂರಾ ಕೈತೊಳೆದುಕೊಳ್ಳಲಾರದೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಮೂರನೆಯ ವಸ್ತುವಿನ ಅಪಾಯ

ಮೂರನೆಯ ವಸ್ತುವಾದ ಸ್ಮೃತಿಯ ವಿಷಯದಲ್ಲಿ ತೊಡಕು ಇನ್ನೂ ಹಿರಿದು. ಬರುವ ಪ್ಯಾಕೆಟ್ಟನ್ನು ಎಲ್ಲಿ ಬರೆಯಬೇಕೆಂಬ ವಿಳಾಸವನ್ನು ಕಾರ್ಡಿಗೆ ಹೇಳುವುದು ಡ್ರೈವರಿನ ಕೆಲಸ. ಕಾರ್ಡು ಪ್ರೊಸೆಸರಿನ ಮೂಲಕ ಸ್ಮೃತಿಯನ್ನು ಮುಟ್ಟುವುದಿಲ್ಲ ಎಂದು ಆಗಲೇ ಹೇಳಿದೆವು. ಹಾಗಾದರೆ ಪುಟಪಟ್ಟಿಯ ಕಾವಲು ಕಾರ್ಡಿಗೆ ಅನ್ವಯಿಸುವುದಿಲ್ಲ! ಪ್ರೋಗ್ರಾಮು ತಾನು ನೇರವಾಗಿ ಮುಟ್ಟಲಾಗದ ಒಂದು ಪುಟದ ವಿಳಾಸವನ್ನು ಕಾರ್ಡಿಗೆ ಬರೆದುಕೊಟ್ಟರೆ, ಕಾರ್ಡು ಕಣ್ಣು ಮುಚ್ಚಿಕೊಂಡು ಅಲ್ಲಿಯೇ ಬರೆಯುತ್ತದೆ. ಆ ಪುಟ ಕರ್ನೆಲ್ಲಿನದೇ ಆಗಿದ್ದರೆ? ಜಾಲದ ಇನ್ನೊಂದು ತುದಿಯಲ್ಲಿ ಕುಳಿತ ಅಪರಿಚಿತನೊಬ್ಬ ಕಳುಹಿಸಿದ ಪ್ಯಾಕೆಟ್ಟು ಕರ್ನೆಲ್ಲಿನ ಮೇಲೆಯೇ ಬಂದು ಕೂರುತ್ತದೆ. ಮೂರನೆಯ ಮಟ್ಟದ ಪ್ರೋಗ್ರಾಮಿಗೆ ಇಂಥ ಕಾರ್ಡನ್ನು ಒಪ್ಪಿಸಿದರೆ, ಹಿಂಬಾಗಿಲಿನಿಂದ ಸೊನ್ನೆಯ ಮಟ್ಟದ ಅಧಿಕಾರವನ್ನೇ ಒಪ್ಪಿಸಿದಂತಾಯಿತು. ದುರುದ್ದೇಶವೇ ಬೇಕೆಂದಿಲ್ಲ, ವಿಳಾಸದ ಲೆಕ್ಕದಲ್ಲಿ ಒಂದು ಅಂಕೆ ತಪ್ಪಿದರೂ ಸಾಕು. ಯು.ಐ.ಓ. ಈ ಅಪಾಯದಿಂದ ರಕ್ಷಣೆಯನ್ನು ಕೊಡುವುದಿಲ್ಲ.

ಇದಕ್ಕೆ ಪರಿಹಾರ ದೊರೆತದ್ದು ಯಂತ್ರಾಂಶದಿಂದ. ಸ್ಮೃತಿಗೂ ಉಪಕರಣಗಳಿಗೂ ನಡುವೆ ಐ.ಓ.ಎಂ.ಎಂ.ಯು. ಎಂಬ ಒಂದು ಘಟಕವನ್ನು ಇರಿಸಿದರು. ಪ್ರೋಗ್ರಾಮುಗಳಿಗೆ ಪುಟಪಟ್ಟಿ ಹೇಗೋ ಉಪಕರಣಗಳಿಗೂ ಹಾಗೆಯೇ ಒಂದು ಪುಟಪಟ್ಟಿಯಿರಲಿ ಎಂಬುದೇ ಇದರ ತಂತ್ರ. ಕಾರ್ಡು ಹೇಳುವ ವಿಳಾಸವೂ ಈಗ ನಿಜವಾದ ವಿಳಾಸವಲ್ಲ. ಘಟಕವು ಪಟ್ಟಿಯನ್ನು ನೋಡಿ ಅದನ್ನು ಪರಿವರ್ತಿಸುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸವಾದರೆ ತಡೆಯುತ್ತದೆ. ಪಟ್ಟಿಯನ್ನು ಬರೆಯುವ ಲೇಖನಿ ಮಾತ್ರ ಕರ್ನೆಲ್ಲಿನ ಕೈಯಲ್ಲಿಯೇ ಇರುತ್ತದೆ.

ಈ ಘಟಕವನ್ನು ಆಧಾರವಾಗಿಟ್ಟುಕೊಂಡು, ೨೦೧೨ರಲ್ಲಿ ಲಿನಕ್ಸಿನ ೩.೬ನೆಯ ಆವೃತ್ತಿಯಲ್ಲಿ ವಿ.ಎಫ್.ಐ.ಓ. ಎಂಬ ಏರ್ಪಾಡು ಬಂದಿತು. ಒಂದು ಕಂಪ್ಯೂಟರಿನೊಳಗೆ ನಡೆಯುವ ಕಲ್ಪಿತ ಕಂಪ್ಯೂಟರುಗಳಿಗೆ ನಿಜವಾದ ಉಪಕರಣಗಳನ್ನು ವಹಿಸಿಕೊಡುವುದು ಇದರ ಒಂದು ಮುಖ್ಯ ಉಪಯೋಗ. ಬಳಕೆದಾರರ ವಲಯದ ಡ್ರೈವರುಗಳಿಗೂ ಇದು ಅಷ್ಟೇ ಒದಗಿಬಂದಿತು. ಪ್ರೋಗ್ರಾಮು "ನನ್ನ ಸ್ಮೃತಿಯ ಇಷ್ಟು ಭಾಗ ಕಾರ್ಡಿಗೆ ಇಂಥ ವಿಳಾಸದಲ್ಲಿ ಕಾಣಲಿ" ಎಂದು ಬೇಡುತ್ತದೆ. ಆ ಭಾಗ ಪ್ರೋಗ್ರಾಮಿನದೇ ಎಂಬುದನ್ನು ಕರ್ನೆಲ್ ಖಚಿತಪಡಿಸಿಕೊಂಡು, ಆ ಪುಟಗಳು ಇದ್ದ ಸ್ಥಳದಿಂದ ಕದಲದಂತೆ ಅವುಗಳಿಗೆ ಮೊಳೆ ಹೊಡೆದು, ಆಮೇಲೆ ಉಪಕರಣದ ಪಟ್ಟಿಯಲ್ಲಿ ಬರೆಯುತ್ತದೆ. ಮೊಳೆ ಹೊಡೆಯುವುದೇಕೆ? ಕಾರ್ಡು ಬರೆಯುತ್ತಿರುವಾಗಲೇ ಕರ್ನೆಲ್ ಆ ಪುಟವನ್ನು ತೆಗೆದು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಮತ್ತೆ ಹಳೆಯ ಅನರ್ಥವೇ ಸಂಭವಿಸುವುದಷ್ಟೆ. ಒಂದರೊಡನೊಂದು ಈ ಘಟಕದ ಕಣ್ಣು ತಪ್ಪಿಸಿ ವ್ಯವಹರಿಸಬಲ್ಲ ಉಪಕರಣಗಳಿದ್ದರೆ, ಅವುಗಳನ್ನೆಲ್ಲ ಒಂದೇ ಗುಂಪೆಂದು ಎಣಿಸಿ, ಇಡೀ ಗುಂಪನ್ನು ಒಬ್ಬರಿಗೇ ವಹಿಸಬೇಕೆಂಬ ನಿಯಮವನ್ನೂ ಮಾಡಿದ್ದಾರೆ. ಬದುವಿನಲ್ಲಿ ಏಡಿಬಿಲವಿದ್ದರೆ ಎರಡು ಗದ್ದೆಗಳಿಗೂ ಒಂದೇ ನೀರೆಂದು ಲೆಕ್ಕ ಹಿಡಿದಂತೆ ಇದು.

ಹೀಗೆ ಮೂರು ವಸ್ತುಗಳೂ ದೊರೆತ ಮೇಲೆ ಪ್ಯಾಕೆಟ್ಟುಗಳ ಹಾದಿಯಲ್ಲಿ ಕರ್ನೆಲ್ ಕಾಣಿಸಿಕೊಳ್ಳುವುದೇ ಇಲ್ಲ. ಆದರೆ ಪ್ರತಿಯೊಂದು ಪ್ಯಾಕೆಟ್ಟೂ ಕರ್ನೆಲ್ ಎಳೆದ ಗೆರೆಯೊಳಗೇ ಹರಿಯುತ್ತಿರುತ್ತದೆ. ಪ್ರೋಗ್ರಾಮು ಸತ್ತರೆ ಆ ಗೆರೆಗಳನ್ನು ಅಳಿಸಿ ಕಾರ್ಡನ್ನು ಹಿಂದಕ್ಕೆ ಪಡೆಯುವ ಹೊಣೆಯೂ ಕರ್ನೆಲ್ಲಿನದೇ.

ಹೊರಗಿನ ಡ್ರೈವರು ಕೆಲಸ ಮಾಡುವ ಬಗೆ

ಇಂಥ ಡ್ರೈವರುಗಳ ಭಂಡಾರಗಳಲ್ಲಿ ಹೆಸರಾದದ್ದು ಡಿ.ಪಿ.ಡಿ.ಕೆ. ೨೦೧೦ರಲ್ಲಿ ಇಂಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಇದು ೨೦೧೩ರಿಂದ ಮುಕ್ತ ಯೋಜನೆಯಾಗಿ ಬೆಳೆದು, ೨೦೧೭ರಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಬಂದಿತು. ಇದರ ಡ್ರೈವರುಗಳು ಸಾಮಾನ್ಯವಾಗಿ ಇಂಟರಪ್ಟಿಗಾಗಿ ಕಾಯುವುದಿಲ್ಲ. ಪ್ರೊಸೆಸರಿನ ಒಂದು ತಿರುಳನ್ನು ಪೂರ್ತಿಯಾಗಿ ಕಾದಿರಿಸಿಕೊಂಡು, ಪ್ಯಾಕೆಟ್ ಬಂದಿದೆಯೇ ಎಂದು ಎಡೆಬಿಡದೆ ನೋಡುತ್ತಿರುತ್ತವೆ. ಬಂದಿದ್ದರೆ ಒಂದೊಂದನ್ನೇ ಎತ್ತಿಕೊಳ್ಳದೆ, ಒಟ್ಟಿಗೆ ಒಂದು ಹಿಡಿ, ಸಾಧಾರಣವಾಗಿ ೩೨ನ್ನು, ಎತ್ತಿಕೊಳ್ಳುತ್ತವೆ. ಹಿಡಿಗೊಮ್ಮೆ ಮಾಡಬೇಕಾದ ಕೆಲಸದ ಬೆಲೆ ೩೨ ಪ್ಯಾಕೆಟ್ಟುಗಳ ಮೇಲೆ ಹಂಚಿಹೋಗುತ್ತದೆ. ಸ್ಮೃತಿಯನ್ನು ಕೂಡ ೪,೦೯೬ ಬೈಟುಗಳ ಚಿಕ್ಕ ಪುಟಗಳ ಬದಲು ೨ ಮೆಗಾಬೈಟುಗಳ ಹಿರಿಪುಟಗಳಾಗಿ ಪಡೆಯುತ್ತವೆ. ಒಂದು ಹಿರಿಪುಟ ೫೧೨ ಚಿಕ್ಕ ಪುಟಗಳಿಗೆ ಸಮ. ಆದುದರಿಂದ ಪುಟಪಟ್ಟಿಯನ್ನು ತಿರುವಿ ನೋಡುವ ಶ್ರಮ ಬಹಳ ಕಡಮೆಯಾಗುತ್ತದೆ. ದೂರವಾಣಿ ಸಂಸ್ಥೆಗಳ ಜಾಲಯಂತ್ರಗಳಲ್ಲಿಯೂ ದೊಡ್ಡ ಗಣಕಕೇಂದ್ರಗಳಲ್ಲಿಯೂ ಈ ವಿಧಾನ ಬಳಕೆಯಲ್ಲಿದೆ.

ತೆರಬೇಕಾದ ಬೆಲೆ

ವ್ಯವಹಾರದಲ್ಲಿ ಲಾಭವಿದ್ದ ಕಡೆ ನಷ್ಟವೂ ಇರುವುದು ಸಹಜ. ಜಾಲದಲ್ಲಿ ಒಂದೂ ಪ್ಯಾಕೆಟ್ ಇಲ್ಲದ ನಡುರಾತ್ರಿಯಲ್ಲಿಯೂ, ಎಡೆಬಿಡದೆ ನೋಡುತ್ತಿರುವ ಡ್ರೈವರು ತನ್ನ ಪಾಲಿನ ಪ್ರೊಸೆಸರನ್ನು ನೂರಕ್ಕೆ ನೂರು ದುಡಿಸಿ ವಿದ್ಯುತ್ತನ್ನು ವ್ಯಯಿಸುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಹೀಗೆ ವಹಿಸಿಕೊಟ್ಟ ಕಾರ್ಡು ಕರ್ನೆಲ್ಲಿನ ಜಾಲವಿಭಾಗದ ಕಣ್ಣಿಗೆ ಬೀಳುವುದೇ ಇಲ್ಲ. ಕರ್ನೆಲ್ಲಿನೊಳಗೆ ಹಲವು ವರ್ಷಗಳಿಂದ ಪಳಗಿಬಂದ ಸಂವಹನ ನಿಯಮಗಳು, ರಕ್ಷಣಾ ನಿಯಮಗಳು, ಪ್ಯಾಕೆಟ್ಟುಗಳನ್ನು ಹಿಡಿದು ಪರೀಕ್ಷಿಸುವ ಸಲಕರಣೆಗಳು ಯಾವುವೂ ಆ ಕಾರ್ಡಿನ ಮೇಲೆ ನಡೆಯವು. ಇಂಥ ವಿಳಾಸ ಯಾರದೆಂದು ನೆರೆಯ ಕಂಪ್ಯೂಟರು ಕೂಗಿ ಕೇಳಿದರೆ, ಅದಕ್ಕೆ ಉತ್ತರ ಹೇಳುವಂಥ ಚಿಕ್ಕ ಕೆಲಸವನ್ನೂ ಪ್ರೋಗ್ರಾಮೇ ಮಾಡಬೇಕು. ಅಲ್ಲದೆ ಕಾರ್ಡು ಒಂದೇ ಪ್ರೋಗ್ರಾಮಿನ ಸ್ವತ್ತಾಗುತ್ತದೆ. ಒಂದೇ ಕಾರ್ಡು ಹಲವು ಕಾರ್ಡುಗಳಂತೆ ತೋರಿಕೊಳ್ಳುವ ಯಂತ್ರಾಂಶವಿದ್ದರೆ ಮಾತ್ರ ಹಂಚಿಕೊಳ್ಳಬಹುದು.

ಈ ನಷ್ಟವನ್ನು ತಗ್ಗಿಸುವುದಕ್ಕಾಗಿ ಮಧ್ಯಮಾರ್ಗಗಳನ್ನೂ ಹುಡುಕಿದ್ದಾರೆ. ಮೇಲೆ ಹೆಸರಿಸಿದ ರಿಟ್ಸೊ ಅವರ ನೆಟ್‌ಮ್ಯಾಪ್ ಅವುಗಳಲ್ಲೊಂದು. ಅದರಲ್ಲಿ ಡ್ರೈವರು ಕರ್ನೆಲ್ಲಿನೊಳಗೇ ಉಳಿಯುತ್ತದೆ. ರಿಜಿಸ್ಟರುಗಳನ್ನು ಪ್ರೋಗ್ರಾಮಿಗೆ ಕೊಡುವುದಿಲ್ಲ. ಪ್ಯಾಕೆಟ್ಟುಗಳನ್ನು ಇಡುವ ಸ್ಮೃತಿಯನ್ನು ಮಾತ್ರ ಇಬ್ಬರೂ ಹಂಚಿಕೊಳ್ಳುತ್ತಾರೆ. ಪ್ರೋಗ್ರಾಮು ಅನೇಕ ಪ್ಯಾಕೆಟ್ಟುಗಳನ್ನು ಸಿದ್ಧಗೊಳಿಸಿ ಒಂದೇ ಸಲ ಕರ್ನೆಲ್ಲನ್ನು ಕರೆಯುತ್ತದೆ. ಪ್ರೋಗ್ರಾಮು ಬರೆದದ್ದು ಸರಿಯಾಗಿದೆಯೇ ಎಂದು ಕರ್ನೆಲ್ ನೋಡಿ ಕಾರ್ಡಿಗೆ ದಾಟಿಸುತ್ತದೆ. ಇಷ್ಟರಿಂದಲೇ, ೯೦೦ ಮೆಗಾಹರ್ಟ್ಸ್ ವೇಗಕ್ಕೆ ಇಳಿಸಿದ ಒಂದೇ ಪ್ರೊಸೆಸರ್-ತಿರುಳು ಸೆಕೆಂಡಿಗೆ ೧ ಕೋಟಿ ೪೮ ಲಕ್ಷ ೮೦ ಸಾವಿರ ಪ್ಯಾಕೆಟ್ಟುಗಳನ್ನು ಕಳುಹಿಸಿತು. ಲೆಕ್ಕ ಮಾಡಿದರೆ ಒಂದೊಂದಕ್ಕೆ ೬೦ ಮಿಡಿತಗಳಷ್ಟೆ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿಧಾನಕ್ಕೆ ಕಾರಣವಾಗಿದ್ದುದು ಕರ್ನೆಲ್ಲಿನ ಇರವಲ್ಲ. ಪ್ಯಾಕೆಟ್ಟಿಗೊಮ್ಮೆ ಅದನ್ನು ಕರೆಯುವುದು, ಪ್ಯಾಕೆಟ್ಟಿಗೊಮ್ಮೆ ವಿವರಪತ್ರ ಬರೆಯುವುದು, ಪ್ಯಾಕೆಟ್ಟಿಗೊಮ್ಮೆ ಪ್ರತಿಮಾಡುವುದು, ಇವು.

ಇದೇ ದಿಕ್ಕಿನಲ್ಲಿ ಲಿನಕ್ಸ್ ಇಟ್ಟ ಹೆಜ್ಜೆಯೆಂದರೆ, ೨೦೧೮ರ ಆಗಸ್ಟಿನಲ್ಲಿ ೪.೧೮ನೆಯ ಆವೃತ್ತಿಯೊಡನೆ ಬಂದ ಎ.ಎಫ್.-ಎಕ್ಸ್.ಡಿ.ಪಿ. ಎಂಬ ಏರ್ಪಾಡು. ಇಲ್ಲಿಯೂ ಡ್ರೈವರು ಕರ್ನೆಲ್ಲಿನದೇ. ಪ್ರೋಗ್ರಾಮು ತನ್ನ ಸ್ಮೃತಿಯ ಒಂದು ಭಾಗವನ್ನು ಪ್ಯಾಕೆಟ್ಟುಗಳಿಗಾಗಿ ಮೀಸಲಿಡುತ್ತದೆ. ಕರ್ನೆಲ್ಲಿಗೂ ಪ್ರೋಗ್ರಾಮಿಗೂ ನಡುವೆ ನಾಲ್ಕು ವರ್ತುಲಾಕಾರದ ಸಾಲುಗಳಿರುತ್ತವೆ: ಖಾಲಿ ಜಾಗಗಳನ್ನು ಒಪ್ಪಿಸುವುದಕ್ಕೆ ಒಂದು, ಬಂದ ಪ್ಯಾಕೆಟ್ಟುಗಳಿಗೆ ಒಂದು, ಕಳುಹಿಸಬೇಕಾದುವುಗಳಿಗೆ ಒಂದು, ಕಳುಹಿಸಿ ಮುಗಿದುವುಗಳನ್ನು ಹಿಂದಿರುಗಿಸುವುದಕ್ಕೆ ಒಂದು. ಡ್ರೈವರಿನ ಬಾಗಿಲಲ್ಲಿಯೇ ಒಂದು ಪುಟ್ಟ ಪ್ರೋಗ್ರಾಮು ನಿಂತು, ಯಾವ ಪ್ಯಾಕೆಟ್ ಈ ನೇರ ಹಾದಿಗೆ, ಯಾವುದು ಕರ್ನೆಲ್ಲಿನ ಹಳೆಯ ಹಾದಿಗೆ ಎಂದು ವಿಂಗಡಿಸುತ್ತದೆ. ಆ ಪುಟ್ಟ ಪ್ರೋಗ್ರಾಮು ಅಪಾಯಕಾರಿಯಲ್ಲವೆಂದು ಮೊದಲೇ ಪರೀಕ್ಷಿಸಿ ನೋಡಿದ ಹೊರತು ಕರ್ನೆಲ್ ಅದನ್ನು ಒಳಗೆ ಬಿಡುವುದಿಲ್ಲ. ಡ್ರೈವರಿನ ಬೆಂಬಲವಿದ್ದರೆ ಪ್ಯಾಕೆಟ್ಟನ್ನು ಪ್ರತಿಮಾಡಬೇಕಾದ ಅಗತ್ಯವೂ ಬೀಳುವುದಿಲ್ಲ. ಹೀಗಾಗಿ ಕಾರ್ಡು ಕರ್ನೆಲ್ಲಿನ ಲೆಕ್ಕದಲ್ಲಿಯೇ ಉಳಿದು, ವೇಗ ಬೇಕಾದ ಪ್ಯಾಕೆಟ್ಟುಗಳಿಗೆ ಮಾತ್ರ ನೇರ ಹಾದಿ ದೊರೆಯುತ್ತದೆ.

ವಿದ್ಯಾರ್ಥಿಗಳಿಗೆ

ಎಲ್ಲ ಕಡೆಗಳಲ್ಲಿಯೂ ಇಷ್ಟು ಶ್ರಮ ಅಗತ್ಯವೇ ಎಂದು ವಾಚಕರು ಕೇಳಬಹುದು. ಅಗತ್ಯವಿಲ್ಲ. ಮನೆಯ ಅಥವಾ ಕಾಲೇಜಿನ ಕಂಪ್ಯೂಟರಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್ ಬರುವುದಿಲ್ಲ. ಅಲ್ಲಿ ಹಳೆಯ ಹಾದಿಯೇ ಸುಖಕರ. ಆದರೆ ಡ್ರೈವರೆಂಬುದು ತಜ್ಞರಿಗೆ ಮಾತ್ರ ಮೀಸಲಾದ ಗೂಢವಿದ್ಯೆ ಎಂಬ ಅಂಜಿಕೆಯನ್ನು ಈ ವಿಧಾನ ಬಿಡಿಸಿದೆ ಎಂಬುದು ಗಮನಾರ್ಹ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಪಾಲ್ ಎಮರಿಕ್ ಅವರು ಇಕ್ಸಿ ಎಂಬ ಜಾಲ-ಡ್ರೈವರನ್ನು, ಕಲಿಯುವವರು ಓದಲೆಂದೇ, ಬಳಕೆದಾರರ ವಲಯಕ್ಕಾಗಿ ಬರೆದರು. ಸಿ ಭಾಷೆಯಲ್ಲಿರುವ ಅದರ ಪಾಠ ಸುಮಾರು ಒಂದು ಸಾವಿರ ಸಾಲು. ಅಲ್ಲಿಯ ವಿದ್ಯಾರ್ಥಿಗಳು ಅದನ್ನು ರಸ್ಟ್, ಗೋ, ಜಾವಾ, ಹ್ಯಾಸ್ಕೆಲ್, ಪೈಥಾನ್ ಮೊದಲಾದ ಭಾಷೆಗಳಲ್ಲಿಯೂ ಬರೆದು ನೋಡಿದ್ದಾರೆ. ಒಂದು ದೀರ್ಘ ಕಥೆಯಷ್ಟು ಉದ್ದದ ಆ ಪಾಠವನ್ನು ನಮ್ಮ ವಿದ್ಯಾರ್ಥಿಗಳೂ ಓದಿ ಅರ್ಥಮಾಡಿಕೊಳ್ಳಬಹುದು.

ಓದುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಬೇಕು. ರಿಜಿಸ್ಟರುಗಳು ಪ್ರೋಗ್ರಾಮಿಗೆ ಕಾಣುವುದು ಯಾವ ಸಾಲಿನಲ್ಲಿ? ಪ್ಯಾಕೆಟ್ ಬಂದದ್ದು ಅದಕ್ಕೆ ತಿಳಿಯುವುದು ಹೇಗೆ? ಕಾರ್ಡಿಗೆ ಕೊಟ್ಟ ವಿಳಾಸವನ್ನು ಪರೀಕ್ಷಿಸುವವರು ಯಾರು? ಮೊದಲ ಎರಡಕ್ಕೆ ಉತ್ತರ ಸಿಕ್ಕದಿದ್ದರೆ ಡ್ರೈವರು ನಡೆಯುವುದಿಲ್ಲ, ಆದುದರಿಂದ ಅವು ಮರೆತುಹೋಗುವ ಭಯವಿಲ್ಲ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೂ ಡ್ರೈವರು ಚೆನ್ನಾಗಿಯೇ ನಡೆಯುತ್ತದೆ, ಬಹುದಿನ ನಡೆಯಲೂಬಹುದು. ಕರ್ನೆಲ್ ಬಿಟ್ಟುಕೊಡಕೂಡದ ವಸ್ತು ಯಾವುದೆಂದು ಆರಂಭದಲ್ಲಿ ಕೇಳಿದೆವಷ್ಟೆ. ಆ ಮೂರನೆಯ ಪ್ರಶ್ನೆಯ ಉತ್ತರವೇ ಅದು.

ಕೊನೆಯದಾಗಿ, ಅಭ್ಯಾಸಕ್ಕೆ ಎರಡು ಲೆಕ್ಕಗಳು. ಸೆಕೆಂಡಿಗೆ ೧೦೦ ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಅತಿ ಚಿಕ್ಕ ಚೌಕಟ್ಟಿಗೆ ದೊರೆಯುವ ಕಾಲವೆಷ್ಟು, ಆ ಅವಧಿಯಲ್ಲಿ ಬೆಳಕು ಎಷ್ಟು ದೂರ ಹೋದೀತು? ಚೌಕಟ್ಟಿನ ಗಾತ್ರ ೬೪ರ ಬದಲು ೧,೫೧೮ ಬೈಟುಗಳಾದರೆ, ೧೦ ಗಿಗಾಬಿಟ್ ತಂತಿಯಲ್ಲಿ ೯೫೦ ನ್ಯಾನೊಸೆಕೆಂಡುಗಳ ಹಳೆಯ ಹಾದಿ ಸಾಕಾಗುವುದೇ, ಸಾಲದೇ? ಎರಡನೆಯ ಲೆಕ್ಕವನ್ನು ಮಾಡಿದವರಿಗೆ, ಹಳೆಯ ಹಾದಿ ಇಂದಿಗೂ ಏಕೆ ಉಳಿದಿದೆ ಎಂಬುದು ತಾನಾಗಿ ವಿಶದವಾಗುವುದು.